ಡಬ್ಬದ ಮೇಲಿನ ಅಂಕಿಗಳು: ಕಂಪ್ಯೂಟರ್, ಮೊಬೈಲ್, ವೈಫೈ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ವರ್ಷಗಳಿಂದ ರಿಪೇರಿ ಮೇಜಿನ ಹಿಂದೆ ಕುಳಿತು ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಇಲ್ಲಿ ಉತ್ತರಗಳೊಂದಿಗೆ ಕೊಟ್ಟಿದ್ದೇನೆ. ಯಂತ್ರ ಕೆಟ್ಟು ಹುಟ್ಟಿದ ಜಗಳಗಳಿಗಿಂತ ಡಬ್ಬದ ಮೇಲೆ ಅಚ್ಚಾದ ಒಂದು ಅಂಕಿಯಿಂದ ಹುಟ್ಟಿದ ಜಗಳಗಳೇ ಇವುಗಳಲ್ಲಿ ಹೆಚ್ಚು. ಆ ಅಂಕಿ ಬಹುಮಟ್ಟಿಗೆ ನಿಜವೇ ಆಗಿರುತ್ತದೆ. ಆದರೆ ಅದನ್ನು ಯಾವ ಸ್ಥಿತಿಯಲ್ಲಿ, ಯಾವ ಮಾನದಲ್ಲಿ ಅಳೆದರು ಎಂಬುದನ್ನು ತಯಾರಕರು ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ, ಕೊಳ್ಳುವವರು ಕೇಳುವುದೂ ಇಲ್ಲ. ಬೆಲೆಗಳನ್ನು ಎಲ್ಲಿಯೂ ಬರೆದಿಲ್ಲ, ಏಕೆಂದರೆ ಅವು ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತವೆ.

1. ಒಂದು ಟಿಬಿ ಹಾರ್ಡ್ ಡಿಸ್ಕ್ ತಂದು ಜೋಡಿಸಿದರೆ ಕಂಪ್ಯೂಟರ್ 931 ಜಿಬಿ ಎಂದು ತೋರಿಸುತ್ತದೆ. ಉಳಿದದ್ದು ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿಲ್ಲ. ಹಿಂದೆ ಸೇರು ಎಂಬ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದು, ಒಂದೇ ಮೂಟೆ ಅಕ್ಕಿ ಒಂದು ಸಂತೆಯಲ್ಲಿ ಹೆಚ್ಚಾಗಿಯೂ ಇನ್ನೊಂದರಲ್ಲಿ ಕಡಿಮೆಯಾಗಿಯೂ ಕಾಣುತ್ತಿತ್ತಲ್ಲ, ಇದೂ ಅದೇ ಬಗೆಯ ಲೆಕ್ಕ. ಡಿಸ್ಕ್ ತಯಾರಿಸುವವರು ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್, ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ ಎಂದು ಎಣಿಸುತ್ತಾರೆ. ವಿಂಡೋಸ್ ಮಾತ್ರ ಸಾವಿರದ ಬದಲು 1,024ರಿಂದ ಮೂರು ಬಾರಿ ಭಾಗಿಸಿ, ಬಂದ ಉತ್ತರಕ್ಕೂ ಜಿಬಿ ಎಂಬ ಹೆಸರನ್ನೇ ಅಂಟಿಸುತ್ತದೆ. ಅದೇ ಲೆಕ್ಕದಲ್ಲಿ 512 ಜಿಬಿಯ ಎಸ್ಎಸ್‌ಡಿ 476 ಆಗಿಯೂ, 64 ಜಿಬಿಯ ಪೆನ್‌ಡ್ರೈವ್ ಸುಮಾರು 59.6 ಆಗಿಯೂ ಕಾಣಿಸುತ್ತದೆ. ಈ ಗೊಂದಲ ತಪ್ಪಿಸಲೆಂದು ಐಇಸಿ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲಿಯೇ 1,024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಬಾಯಿಗೆ ಬಾರದ ಹೆಸರುಗಳಾದ್ದರಿಂದಲೋ ಏನೋ, ಅಂಗಡಿಗಳಲ್ಲಿ ಅವನ್ನು ಬಳಸಿದವರನ್ನು ನಾನು ನೋಡಿಲ್ಲ. ಆಪಲ್ ಕಂಪನಿ 2009ರಿಂದ ತನ್ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ತಯಾರಕರ ಲೆಕ್ಕವನ್ನೇ ಒಪ್ಪಿಕೊಂಡಿರುವುದರಿಂದ ಅದೇ ಡಿಸ್ಕ್ ಅಲ್ಲಿ ಪೂರ್ತಿ ಒಂದು ಟಿಬಿ ಎಂದು ಕಾಣುತ್ತದೆ. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ: ರ್‍ಯಾಮ್ ಮಾರುವಾಗ ಮಾತ್ರ ಎಲ್ಲರೂ 1,024ರ ಲೆಕ್ಕವನ್ನೇ ಹಿಡಿಯುತ್ತಾರೆ, ಹೀಗಾಗಿ 8 ಜಿಬಿ ರ್‍ಯಾಮ್ ನಿಜಕ್ಕೂ 8 ಆಗಿಯೇ ಇರುತ್ತದೆ.

ಚಿಂತಿಸಬೇಕಾದ ಕಳವು ಬೇರೆಯೇ ಇದೆ. ಕೆಲವೇ ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ಪೆನ್‌ಡ್ರೈವ್‌ಗಳಲ್ಲಿ ಒಳಗಿರುವ ಚಿಪ್ 32 ಅಥವಾ 64 ಜಿಬಿಯದಾಗಿದ್ದು, ಕಂಪ್ಯೂಟರ್‌ಗೆ ಸುಳ್ಳು ಗಾತ್ರ ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಫೈಲ್‌ಗಳ ಹೆಸರು ಸಾಲಾಗಿ ಕಾಣುತ್ತದೆ, ಗಾತ್ರವೂ ಸರಿಯಾಗಿಯೇ ಇರುತ್ತದೆ, ತೆರೆಯಲು ಹೋದರೆ ಮಾತ್ರ ಒಳಗೆ ಏನೂ ಇರುವುದಿಲ್ಲ. ಮದುವೆಯ ಫೋಟೊಗಳನ್ನೆಲ್ಲ ಇಂಥದ್ದೊಂದಕ್ಕೆ ತುಂಬಿ, ಮೊಬೈಲಿನಲ್ಲಿದ್ದ ಮೂಲವನ್ನು ಅಳಿಸಿ ಬಂದ ದಂಪತಿಗೆ ನಾನು ಏನೂ ಮಾಡಿಕೊಡಲಾಗಲಿಲ್ಲ. ಹೊಸ ಡ್ರೈವ್ ತಂದ ದಿನವೇ ಅದನ್ನು ಅಂಚಿನವರೆಗೆ ತುಂಬಿಸಿ, ಮತ್ತೆ ಓದಿ ತಾಳೆ ನೋಡುವುದೊಂದೇ ಇದಕ್ಕೆ ಖಚಿತ ಪರೀಕ್ಷೆ; ಇದನ್ನು ಮಾಡುವ ಉಚಿತ ತಂತ್ರಾಂಶಗಳು ಸಿಗುತ್ತವೆ.

2. ಹೊಸ ಮೊಬೈಲಿನಲ್ಲಿ ಏನೂ ಹಾಕದೆಯೇ ಹತ್ತಾರು ಜಿಬಿ ತುಂಬಿರುವುದು ಏಕೆ?

ಅಲ್ಲಿ ಕೂತಿರುವುದು ಆಂಡ್ರಾಯ್ಡ್, ಅದರ ಮೇಲೆ ಕಂಪನಿಯವರ ಸ್ವಂತ ಹೊದಿಕೆ ಮತ್ತು ನೀವು ಕೇಳದಿದ್ದರೂ ಬಂದ ಆ್ಯಪ್‌ಗಳು. ಕೊನೆಯವನ್ನು ತೆಗೆದುಹಾಕಬಹುದು, ತೆಗೆಯಲು ಬಾರದಿದ್ದರೆ ನಿಷ್ಕ್ರಿಯಗೊಳಿಸಬಹುದು.

3. ನೂರು ಎಂಬಿಪಿಎಸ್ ಸಂಪರ್ಕಕ್ಕೆ ಹಣ ಕಟ್ಟುತ್ತೇವೆ, ಡೌನ್‌ಲೋಡ್ ಮಾಡುವಾಗ 11 ಅಥವಾ 12 ಎಂಬಿ ಎಂದಷ್ಟೇ ತೋರಿಸುತ್ತದೆ. ಇದು ಮೋಸವೇ?

ಇದು ಮೋಸವಲ್ಲ. ಎಂಬಿಪಿಎಸ್ ಎಂಬಲ್ಲಿನ ‘ಬಿ’ ಬಿಟ್, ಡೌನ್‌ಲೋಡ್ ಕಿಟಕಿಯಲ್ಲಿನ ‘ಬಿ’ ಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ ನೂರನ್ನು ಎಂಟರಿಂದ ಭಾಗಿಸಿದಾಗ ಹನ್ನೆರಡೂವರೆ ಬರುತ್ತದೆ, ಸಾಗಾಣಿಕೆಯ ವೆಚ್ಚವೆಂಬಂತೆ ಅದರಲ್ಲಿಯೂ ಸ್ವಲ್ಪ ಸೋರುತ್ತದೆ. ಒಂದೂವರೆ ಜಿಬಿಯ ಸಿನಿಮಾ ಇಳಿಯಲು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹಿಡಿದರೆ ನಿಮ್ಮ ಸಂಪರ್ಕ ಹೇಳಿದಂತೆಯೇ ನಡೆಯುತ್ತಿದೆ ಎಂದರ್ಥ. ಇಂಗ್ಲಿಷಿನಲ್ಲಾದರೆ ಬಿಟ್‌ಗೆ ಸಣ್ಣಕ್ಷರ, ಬೈಟ್‌ಗೆ ದೊಡ್ಡಕ್ಷರ ಎಂಬ ಭೇದವಾದರೂ ಇದೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿ ಗೊಂದಲ ಇಮ್ಮಡಿಯಾಗುತ್ತದೆ. ಅಂದಹಾಗೆ, ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ ಬಹುಕಾಲ 512 ಕೆಬಿಪಿಎಸ್ ಇತ್ತು, ಅದನ್ನು 2 ಎಂಬಿಪಿಎಸ್‌ಗೆ ಏರಿಸಿದ್ದು 2023ರ ಜನವರಿಯಲ್ಲಿ.

4. ಪ್ಲಾನ್ ಬದಲಿಸಿ 300 ಎಂಬಿಪಿಎಸ್ ಮಾಡಿಸಿಕೊಂಡರೂ ವೇಗ 94ರ ಆಸುಪಾಸಿನಲ್ಲಿಯೇ ನಿಂತಿದೆ. ಕಂಪನಿಯವರು ತಮ್ಮ ಕಡೆ ಎಲ್ಲ ಸರಿಯಿದೆ ಎನ್ನುತ್ತಾರೆ.

ತೊಂಬತ್ತನಾಲ್ಕು ಎಂಬ ಅಂಕಿಯೇ ಇಲ್ಲಿ ಸಾಕ್ಷಿ ಹೇಳುತ್ತಿದೆ. ನೂರು ಎಂಬಿಪಿಎಸ್‌ಗೆ ಸೀಮಿತವಾದ ಲ್ಯಾನ್ ಕೊಂಡಿಯಲ್ಲಿ ವೇಗ ಪರೀಕ್ಷೆ ನಡೆಸಿದರೆ ಬರುವ ಉತ್ತರ ಹೆಚ್ಚುಕಡಿಮೆ ಅದೇ. ಹಾಗಾಗಿ ನಿಮ್ಮ ಮನೆಯೊಳಗೆ ಎಲ್ಲೋ ಒಂದು ಕಡೆ ನೂರರ ಬಾಗಿಲು ಇದೆ, ಮುನ್ನೂರು ಅಲ್ಲಿಗೆ ಬಂದು ಕಾಯುತ್ತಿದೆ. ಮೊದಲು ರೂಟರ್ ನೋಡಿ: ಕಡಿಮೆ ಬೆಲೆಯ ಎಷ್ಟೋ ರೂಟರ್‌ಗಳ ಡಬ್ಬದ ಮೇಲೆ ವೈಫೈ ವೇಗ 1,200 ಎಂದು ದಪ್ಪಕ್ಷರದಲ್ಲಿರುತ್ತದೆ, ಹಿಂಬದಿಯ ತಂತಿಯ ಕಿಂಡಿಗಳು ಮಾತ್ರ ನೂರರವು. ಇಂಟರ್ನೆಟ್ ಒಳಗೆ ಬರುವುದು ಆ ಕಿಂಡಿಯಿಂದಲೇ ಆದ್ದರಿಂದ 1,200 ಎಂಬುದು ಅಲಂಕಾರಕ್ಕಷ್ಟೇ ಉಳಿಯುತ್ತದೆ. ಗಿಗಾಬಿಟ್ ಕಿಂಡಿ, ಅಂದರೆ ಸಾವಿರ ಎಂಬಿಪಿಎಸ್‌ನದು, ಇದೆಯೇ ಎಂದು ಕೇಳಿ ಕೊಳ್ಳಬೇಕು.

ರೂಟರ್ ಸರಿಯಿದ್ದರೆ ತಂತಿಯ ಕಡೆ ತಿರುಗಬೇಕು. ಲ್ಯಾನ್ ತಂತಿಯ ಸಿಪ್ಪೆ ಸುಲಿದರೆ ಒಳಗೆ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣಗಳ ನಾಲ್ಕು ಜೋಡಿ ಎಳೆಗಳು ಹುರಿಗೊಂಡಿರುತ್ತವೆ. ನೂರರ ವೇಗಕ್ಕೆ ಎರಡು ಜೋಡಿ ಸಾಕು, ಸಾಮಾನ್ಯವಾಗಿ ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಮನೆಯಲ್ಲಿ ತಂತಿಯನ್ನು ಬಾಗಿಲ ಸಂದಿನಲ್ಲಿ ಹಾಯಿಸಿದ್ದರು, ವರ್ಷಗಟ್ಟಲೆ ಬಾಗಿಲು ಹೊಸಲಿಗೆ ಒತ್ತಿ ಒತ್ತಿ ಕಂದು ಜೋಡಿಯ ಒಂದು ಎಳೆ ಒಳಗೇ ತುಂಡಾಗಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ, ಇಂಟರ್ನೆಟ್ ನಿಂತೂ ಇರಲಿಲ್ಲ, ಎರಡು ತುದಿಯ ಯಂತ್ರಗಳು ಪರಸ್ಪರ ಮಾತಾಡಿಕೊಂಡು ಸದ್ದಿಲ್ಲದೆ ನೂರಕ್ಕೆ ಇಳಿದಿದ್ದವು. ಆ ಮನೆಯವರು ಅಷ್ಟರಲ್ಲಿ ಎರಡು ಸಲ ಪ್ಲಾನ್ ಏರಿಸಿದ್ದರು. ಪ್ಲಗ್ಗಿಗೆ ಎಳೆ ಕೂರಿಸುವಾಗ ಎರಡೇ ಜೋಡಿ ಕೂರಿಸಿ ಕೈತೊಳೆದುಕೊಳ್ಳುವ ಕೆಲಸಗಾರರೂ ಇದ್ದಾರೆ, ಪಾರದರ್ಶಕ ಪ್ಲಗ್ಗಿನಲ್ಲಿ ಎಂಟು ಬಣ್ಣ ಎಣಿಸಿದರೆ ಅದು ಗೊತ್ತಾಗುತ್ತದೆ.

5. ರೂಟರ್‌ನಲ್ಲಿರುವ 5 ಗಿಗಾಹರ್ಟ್ಸ್ ಎಂದರೆ 5ಜಿ ಎಂದೇ? ಅದು ಹೆಚ್ಚಿನದಾದರೆ ಒಳಕೋಣೆಯಲ್ಲಿ ಏಕೆ ಸಿಗುವುದಿಲ್ಲ?

ಎರಡಕ್ಕೂ ಸಂಬಂಧವಿಲ್ಲ. ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾದ 5ಜಿ ಎಂಬುದು ಮೊಬೈಲ್ ಸೇವೆಯ ಐದನೆಯ ತಲೆಮಾರು, ರೂಟರ್‌ನಲ್ಲಿರುವ 5 ರೇಡಿಯೊ ಅಲೆಯ ಆವರ್ತನ. ಈ ಅಲೆ 2.4 ಗಿಗಾಹರ್ಟ್ಸ್‌ಗಿಂತ ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಗೋಡೆ ದಾಟುವಲ್ಲಿ ಸೋಲುತ್ತದೆ. ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಕಬ್ಬಿಣ ತುಂಬಿದ ಕಾಂಕ್ರೀಟ್ ತಾರಸಿ ಮತ್ತು ನೀರಿನ ಟ್ಯಾಂಕ್ ಇದರ ಮೂರು ಶತ್ರುಗಳು. ಹಾಗೆಂದು 2.4 ಕೂಡ ನಿಶ್ಚಿಂತವಲ್ಲ: ಅಕ್ಕಪಕ್ಕದ ಮನೆಯವರ ರೂಟರ್‌ಗಳು, ಬ್ಲೂಟೂತ್ ಮತ್ತು ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಮೈಕ್ರೋವೇವ್ ಒಲೆ ಅದೇ ಬೀದಿಯಲ್ಲಿ ಓಡಾಡುತ್ತಿರುತ್ತವೆ. ಅಡುಗೆಮನೆಯಲ್ಲಿ ಸಾರು ಬಿಸಿಮಾಡುವಾಗಲೇ ಮಗಳ ಆನ್‌ಲೈನ್ ತರಗತಿ ತಡವರಿಸಿದರೆ ಆಶ್ಚರ್ಯಪಡಬೇಕಿಲ್ಲ. ರೂಟರನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಮೇಲೆ ಇಡದೆ ಮನೆಯ ನಡುಭಾಗದಲ್ಲಿ ಎತ್ತರದ ಜಾಗಕ್ಕೆ ತರುವುದು ಮೊದಲ ಮದ್ದು.

6. ಮೊಬೈಲಿನಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಇದ್ದರೂ ಇಂಟರ್ನೆಟ್ ಓಡುವುದಿಲ್ಲವೇಕೆ?

ಕಡ್ಡಿ ಹೇಳುವುದು ಗೋಪುರದ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು; ಅದೇ ಗೋಪುರದ ಕೆಳಗೆ ಜಾತ್ರೆಯಷ್ಟು ಜನ ನೆರೆದಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂದು ಎಲ್ಲ ಕಂಪನಿಗಳಿಗೂ ಅನ್ವಯಿಸುವ ನಿಯಮವೂ ಇಲ್ಲ, ಆದ್ದರಿಂದ ಇಬ್ಬರ ಮೊಬೈಲುಗಳ ಕಡ್ಡಿ ಎಣಿಸಿ ವಾದಿಸುವುದರಿಂದ ಏನೂ ತೀರ್ಮಾನವಾಗುವುದಿಲ್ಲ.

7. ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕಿನಿಂದ ಐದು ಸಾವಿರದ ಮೊಬೈಲು ಎರಡು ಸಲ ಚಾರ್ಜ್ ಆಗಬೇಕಲ್ಲವೇ?

ಆಗುವುದಿಲ್ಲ, ಸಾಮಾನ್ಯವಾಗಿ ಒಂದು ಸಲ ಪೂರ್ತಿಯಾಗಿ, ಇನ್ನೊಂದು ಸಲ ಅರೆಬರೆಯಾಗಿ ಆಗುತ್ತದೆ. ಹತ್ತು ಸಾವಿರ ಎಂಬುದು ಒಳಗಿನ ಬ್ಯಾಟರಿಯ 3.7 ವೋಲ್ಟ್‌ನಲ್ಲಿ ಅಳೆದ ಲೆಕ್ಕ, ಅಂದರೆ ಒಟ್ಟು ಶಕ್ತಿ 37 ವ್ಯಾಟ್-ಅವರ್. ಹೊರಗೆ ಬರುವಾಗ ಅದನ್ನು 5 ವೋಲ್ಟ್‌ಗೆ ಏರಿಸಬೇಕಾದ್ದರಿಂದ ಎಂಎಎಚ್ ಲೆಕ್ಕ 7,400ಕ್ಕೆ ಇಳಿಯುತ್ತದೆ. ಏರಿಸುವ ಸರ್ಕಿಟ್ ಒಂದಿಷ್ಟನ್ನು ಬಿಸಿಯಾಗಿ ಕಳೆದು ಸುಮಾರು ಆರು ಸಾವಿರದಷ್ಟನ್ನು ಕೊಡುತ್ತದೆ. ಪವರ್ ಬ್ಯಾಂಕಿನ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಬರೆದಿರುವ ಅಂಕಿಯೇ ನೀವು ನಂಬಬೇಕಾದದ್ದು. ವಿಮಾನದಲ್ಲಿ ಕೇಳುವುದೂ ವ್ಯಾಟ್-ಅವರ್ ಲೆಕ್ಕವನ್ನೇ: ನೂರರೊಳಗಿದ್ದರೆ ಕೈಚೀಲದಲ್ಲಿ ಒಯ್ಯಬಹುದು, ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲಿ ಮಾತ್ರ ಇಡುವಂತಿಲ್ಲ. ಇಪ್ಪತ್ತು ಸಾವಿರ ಎಂಎಎಚ್‌ನದು 74 ವ್ಯಾಟ್-ಅವರ್ ಆಗುವುದರಿಂದ ಅದಕ್ಕೆ ತೊಂದರೆಯಿಲ್ಲ.

8. ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬ್ಯಾಟರಿ ಹಾಳಾಗುತ್ತದೆಯೇ? ಪೂರ್ತಿ ಇಳಿಸಿಯೇ ಚಾರ್ಜ್ ಮಾಡಬೇಕೇ?

ಮನೆಯ ಹಿರಿಯರು ಪೂರ್ತಿ ಇಳಿಸಿಯೇ ಹಾಕು ಎನ್ನುವುದು ಸುಳ್ಳು ಅನುಭವದಿಂದ ಬಂದ ಮಾತಲ್ಲ. ಹಿಂದಿನ ಕಾರ್ಡ್‌ಲೆಸ್ ಫೋನು, ಶೇವರ್‌ಗಳಲ್ಲಿದ್ದ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಗಳಿಗೆ ಅರೆಬರೆ ಚಾರ್ಜ್ ಮಾಡಿದರೆ ಅಷ್ಟಕ್ಕೇ ಒಗ್ಗಿಹೋಗುವ ಚಾಳಿ ಇತ್ತು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಆ ಚಾಳಿ ಇಲ್ಲ, ಬದಲಿಗೆ ಅದರ ವಿರುದ್ಧ ಗುಣವಿದೆ. ಈ ಬ್ಯಾಟರಿ ಹೆಚ್ಚು ದಣಿಯುವುದು ಎರಡು ತುದಿಗಳಲ್ಲಿ, ಅಂದರೆ ಪೂರ್ತಿ ಬರಿದಾದಾಗ ಮತ್ತು ನೂರಕ್ಕೆ ಮುಟ್ಟಿ ಅಲ್ಲಿಯೇ ನಿಂತಾಗ. ನಡುವಿನ ಓಡಾಟ ಅದಕ್ಕೆ ಹಿತ.

ರಾತ್ರಿ ಹಾಕಿಟ್ಟರೆ ಉಕ್ಕಿ ಚೆಲ್ಲುವುದಿಲ್ಲ. ತುಂಬಿದೊಡನೆ ಮೊಬೈಲೇ ಕರೆಂಟು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಆದರೂ ಐದಾರು ಗಂಟೆ ನೂರರಲ್ಲೇ ನಿಂತಿರುವುದರಿಂದ ಆಯುಸ್ಸು ನಿಧಾನವಾಗಿ ಸವೆಯುತ್ತದೆ. ಈಗಿನ ಬಹಳಷ್ಟು ಮೊಬೈಲುಗಳಲ್ಲಿ ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯವಿದೆ, ಅದನ್ನು ಹಾಕಿಕೊಂಡರೆ ಈ ವಾದವೇ ಮುಗಿಯುತ್ತದೆ. ನಿಜವಾಗಿ ಬ್ಯಾಟರಿ ಕೊಲ್ಲುವುದು ಬಿಸಿ: ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದು, ಕಾರಿನ ಗಾಜಿನ ಬಳಿ ಬಿಸಿಲಲ್ಲಿ ಬಿಡುವುದು, ಚಾರ್ಜ್ ಆಗುತ್ತಿರುವಾಗಲೇ ಆಟ ಆಡುವುದು. ನನ್ನ ಮೇಜಿಗೆ ಬೆನ್ನು ಉಬ್ಬಿಸಿಕೊಂಡು ಬಂದ ಮೊಬೈಲುಗಳಲ್ಲಿ ಹೆಚ್ಚಿನವುಗಳ ಹಿಂದೆ ಇಂಥದ್ದೇ ಒಂದು ಕಥೆ ಇರುತ್ತದೆ. ಉಬ್ಬಿದ ಬ್ಯಾಟರಿಯನ್ನು ಚುಚ್ಚಿ ಗಾಳಿ ತೆಗೆಯಲು ಹೋಗಬಾರದು, ಹೊತ್ತಿಕೊಳ್ಳುತ್ತದೆ.

ಡಬ್ಬದ ಮೇಲಿನ ‘800 ಸೈಕಲ್’ ಎಂಬ ಅಂಕಿಗೂ ಎಂಟುನೂರು ಸಲ ಚಾರ್ಜರ್ ಚುಚ್ಚುವುದಕ್ಕೂ ಸಂಬಂಧವಿಲ್ಲ. ಅರ್ಧಕ್ಕೆ ಎರಡು ಸಲ ತುಂಬಿಸಿದರೆ ಒಂದು ಸೈಕಲ್ ಆಗುತ್ತದೆ. ಐರೋಪ್ಯ ಒಕ್ಕೂಟ 2025ರ ಜೂನ್‌ನಿಂದ ತನ್ನಲ್ಲಿ ಮಾರುವ ಮೊಬೈಲುಗಳ ಬ್ಯಾಟರಿ 800 ಸೈಕಲ್ ಕಳೆದ ಮೇಲೂ ಶೇ. 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು ಎಂದು ಕಡ್ಡಾಯ ಮಾಡಿದೆ, ಈ ಅಂಕಿ ಈಗ ಎಲ್ಲೆಡೆ ಕಾಣಿಸುವುದಕ್ಕೆ ಅದೂ ಒಂದು ಕಾರಣ.

9. ಹಳೆಯ ಮೊಬೈಲಿಗೆ 67 ವ್ಯಾಟ್ ಚಾರ್ಜರ್ ಹಾಕಿದರೆ ಸುಟ್ಟುಹೋಗುವುದಿಲ್ಲವೇ?

ಸುಡುವುದಿಲ್ಲ. ಊರಿನ ಟ್ಯಾಂಕ್ ಎಷ್ಟು ದೊಡ್ಡದಿದ್ದರೂ ನಿಮ್ಮ ಮನೆಯ ನಲ್ಲಿಯಿಂದ ಬರುವುದು ನಲ್ಲಿ ತಿರುಗಿಸಿದಷ್ಟೇ. ಸರಿಯಾದ ಯುಎಸ್‌ಬಿ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ, ಮೊಬೈಲು ಕೇಳಿದರೆ ಮಾತ್ರ ಹೆಚ್ಚಿನದಕ್ಕೆ ಹೋಗುತ್ತದೆ. ತೊಂದರೆ ಎಲ್ಲ ‘ಸರಿಯಾದ’ ಎಂಬ ಮಾತಿನಲ್ಲಿದೆ. ಭಾರತದಲ್ಲಿ ಮಾರುವ ಚಾರ್ಜರ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಮೈಮೇಲೆ ಮಾನಕದ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿಗೆ ನೋಂದಣಿಯಾಗಿದೆ ಎಂದು ಕಾಣುತ್ತದೆ. ಬಸ್ ನಿಲ್ದಾಣದ ಬುಟ್ಟಿಯಲ್ಲಿ ಸಿಗುವ ಚಾರ್ಜರ್ ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರವಾಗಿರುತ್ತದೆ, ಒಳಗೆ ಇರಬೇಕಾದದ್ದು ಇಲ್ಲ ಎಂಬುದಕ್ಕೆ ಅಷ್ಟೇ ಸಾಕು.

ಚಾರ್ಜರ್ ಒಳ್ಳೆಯದಿದ್ದೂ ನಿಧಾನವಾದರೆ ಕೇಬಲ್ ಮೇಲೆ ಅನುಮಾನಪಡಿ. ಎರಡು ಬದಿಯೂ ಸಿ ತುದಿಯ ಕೇಬಲ್‌ಗಳೆಲ್ಲ ನೋಡಲು ಅವಳಿಗಳಂತಿದ್ದರೂ ಸಾಮಾನ್ಯವಾದದ್ದು 3 ಆಂಪಿಯರ್, ಅಂದರೆ 60 ವ್ಯಾಟ್‌ವರೆಗೆ ಮಾತ್ರ ಹೊರುತ್ತದೆ. ಅದಕ್ಕೂ ಮೇಲೆ ಹೋಗಲು ತುದಿಯೊಳಗೆ ಪುಟ್ಟ ಚಿಪ್ ಇರುವ ಕೇಬಲ್ ಬೇಕು.

10. ಕಂಪ್ಯೂಟರ್ ಯುಪಿಎಸ್ 600 ವಿಎ ಎಂದರೆ 600 ವ್ಯಾಟ್ ಅಲ್ಲವೇ? ಮನೆಯ ಇನ್ವರ್ಟರ್‌ನ 150 ಎಎಚ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ?

ಇಲ್ಲ, ಸಾಮಾನ್ಯವಾಗಿ ಅಂಥ ಯುಪಿಎಸ್ 360 ವ್ಯಾಟ್ ಮಾತ್ರ ಹೊರುತ್ತದೆ, ಹಿಂಬದಿಯ ಚೀಟಿಯಲ್ಲಿ ಅದೂ ಬರೆದಿರುತ್ತದೆ. ಒಳಗಿರುವ 12 ವೋಲ್ಟ್, 7 ಎಎಚ್ ಬ್ಯಾಟರಿಯಲ್ಲಿ ಒಟ್ಟು ಇರುವುದೇ 84 ವ್ಯಾಟ್-ಅವರ್. ಕೆಲಸ ಉಳಿಸಿ ಕಂಪ್ಯೂಟರ್ ಆರಿಸಲು ಹತ್ತು ಹದಿನೈದು ನಿಮಿಷ ಕೊಡುವುದಷ್ಟೇ ಅದರ ಹುಟ್ಟಿನ ಉದ್ದೇಶ, ಧಾರಾವಾಹಿ ಮುಗಿಯುವವರೆಗೆ ಟಿವಿ ಓಡಿಸುವುದಲ್ಲ. ಲೇಸರ್ ಪ್ರಿಂಟರನ್ನು ಇದಕ್ಕೆ ಎಂದಿಗೂ ಜೋಡಿಸಬೇಡಿ.

ಇನ್ವರ್ಟರ್ ಲೆಕ್ಕವನ್ನು ಮಲೆನಾಡಿನವರು ಮಳೆಗಾಲಕ್ಕೆ ಮುಂಚೆಯೇ ಮಾಡಿಕೊಳ್ಳುವುದು ಒಳಿತು. ನೂರೈವತ್ತು ಎಎಚ್ ಅನ್ನು 12 ವೋಲ್ಟ್‌ನಿಂದ ಗುಣಿಸಿದರೆ 1,800 ವ್ಯಾಟ್-ಅವರ್. ಎರಡು ಫ್ಯಾನ್, ನಾಲ್ಕು ಎಲ್ಇಡಿ ದೀಪ, ಟಿವಿ ಮತ್ತು ರೂಟರ್ ಸೇರಿ ಸುಮಾರು 280 ವ್ಯಾಟ್ ಆದರೆ ಕಾಗದದ ಮೇಲೆ ಆರು ಗಂಟೆಗೂ ಹೆಚ್ಚು ಬರುತ್ತದೆ, ಮನೆಯಲ್ಲಿ ಬರುವುದು ನಾಲ್ಕರಿಂದ ಐದು ಗಂಟೆ. ಇದಕ್ಕೆ ಒಂದು ಕಾರಣ ಪರಿವರ್ತನೆಯ ನಷ್ಟ. ಇನ್ನೊಂದು, ಯಾರೂ ಓದದ ‘ಸಿ20’ ಎಂಬ ಗುರುತು: ಇಪ್ಪತ್ತು ಗಂಟೆ ಹಿಡಿದು ನಿಧಾನವಾಗಿ ಇಳಿಸಿದರೆ ಮಾತ್ರ 150 ಎಎಚ್ ಸಿಗುತ್ತದೆ ಎಂದು ಅದರ ಅರ್ಥ. ಇಪ್ಪತ್ತು ಗಂಟೆ ಎಂದರೆ ಹೆಚ್ಚುಕಡಿಮೆ 90 ವ್ಯಾಟ್ ಹೊರೆ, ಅವಸರದಲ್ಲಿ ಹಿಂಡಿದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ. ಬ್ಯಾಟರಿಯನ್ನು ದೊಡ್ಡದು ಮಾಡುವ ಮೊದಲು 75 ವ್ಯಾಟ್‌ನ ಹಳೆಯ ಫ್ಯಾನ್ ತೆಗೆದು ಸುಮಾರು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿಸುವುದು ಜಾಣತನ.

11. ರೂಟರನ್ನು ರಾತ್ರಿ ಆರಿಸದಿದ್ದರೆ ಕರೆಂಟ್ ಬಿಲ್ ಏರುತ್ತದೆ ಎಂದು ಮನೆಯಲ್ಲಿ ಜಗಳ. ಎಷ್ಟು ಏರುತ್ತದೆ?

ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲದ್ದೇ 12 ವ್ಯಾಟ್. ಹತ್ತು ವ್ಯಾಟ್ ಎಂದು ಹಿಡಿದು ದಿನವಿಡೀ ಹಾಕಿಟ್ಟರೂ ತಿಂಗಳಿಗೆ 7.2 ಯೂನಿಟ್, ರಾತ್ರಿ ಎಂಟು ಗಂಟೆ ಆರಿಸಿದರೆ ಉಳಿಯುವುದು 2.4 ಯೂನಿಟ್. ಎರಡು ಸಾವಿರ ವ್ಯಾಟ್ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಹಾಕಿದರೆ ತಿಂಗಳಿಗೆ 30 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟ್‌ಗಳನ್ನು ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಪಡಿಸಿ, 200ರ ಮಿತಿ ಹಾಕಿರುವುದರಿಂದ ಅಂಚಿನಲ್ಲಿರುವ ಮನೆಗಳಿಗೆ ಎರಡು ಯೂನಿಟ್ ಕೂಡ ಲೆಕ್ಕಕ್ಕೆ ಬರಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಜಗಳವನ್ನು ಗೀಸರ್‌ನಿಂದ ಆರಂಭಿಸುವುದು ನ್ಯಾಯ.

12. ಐ7 ಇರುವ ಹಳೆಯ ಲ್ಯಾಪ್‌ಟಾಪ್ ಒಳ್ಳೆಯದೋ, ಐ3 ಇರುವ ಹೊಸದೋ?

ಏಳು ಮೂರಕ್ಕಿಂತ ದೊಡ್ಡದು ಎಂಬ ಒಂದೇ ಆಧಾರದ ಮೇಲೆ ಸೆಕೆಂಡ್ ಹ್ಯಾಂಡ್ ವ್ಯಾಪಾರ ನಡೆಯುತ್ತಿದೆ. ಇಂಟೆಲ್‌ನ ಐ3, ಐ5, ಐ7 ಎಂಬವು ಒಂದೇ ವರ್ಷದ ಪ್ರೊಸೆಸರ್ ಮಾದರಿಗಳ ನಡುವಿನ ದರ್ಜೆಗಳು. ವರ್ಷ ಬೇರೆಯಾದರೆ ಹೋಲಿಕೆ ನಿಲ್ಲುವುದಿಲ್ಲ. 2013ರ ಐ7-4500ಯು ಎಂಬುದರಲ್ಲಿ ಎರಡು ಕೋರ್ (ಲೆಕ್ಕ ಮಾಡುವ ಘಟಕ) ಮಾತ್ರ ಇವೆ, 2022ರ ಐ3-1215ಯು ಎಂಬುದರಲ್ಲಿ ಆರು. ನೋಡಬೇಕಾದದ್ದು ಅಡ್ಡಗೆರೆಯ ನಂತರದ ಅಂಕಿಯನ್ನು: 4500 ಎಂದರೆ ನಾಲ್ಕನೆಯ ತಲೆಮಾರು, 1215 ಎಂದರೆ ಹನ್ನೆರಡನೆಯದು.

ಹಳೆಯದು ಈಗಾಗಲೇ ಮನೆಯಲ್ಲಿದ್ದು ಆಮೆಯಂತಾಗಿದ್ದರೆ, ಬಿಸಾಡುವ ಮೊದಲು ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿಸಿ. ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯ ಮೇಲೆ ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ 5.6 ಮಿಲಿಸೆಕೆಂಡ್ ಕಾಯಬೇಕು, ಸೂಜಿ ಸರಿಯುವ ಸಮಯ ಬೇರೆ. ಎಸ್ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ. ವಿಂಡೋಸ್ ಆರಂಭವಾಗುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಓದುವುದರಿಂದ ಈ ಕಾಯುವಿಕೆಯೇ ಒಟ್ಟಾಗಿ ನಿಮಿಷಗಳಾಗುತ್ತದೆ. ರ್‍ಯಾಮ್ ಹೆಚ್ಚಿಸುವುದು ಎರಡನೆಯ ಮಾತು, ಅದು 4 ಜಿಬಿ ಇದ್ದರೆ ಮಾತ್ರ ಅದನ್ನೂ ಮಾಡಿಸಿ. ಒಂದು ತೊಡಕು ಮಾತ್ರ ಉಳಿಯುತ್ತದೆ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿಕೊಟ್ಟು, ಬರವಣಿಗೆಗೂ ಬ್ರೌಸಿಂಗ್‌ಗೂ ನೆಮ್ಮದಿಯಾಗಿ ಬಳಸುತ್ತಿರುವವರನ್ನು ನಾನು ಬಲ್ಲೆ.

13. ಹೆಚ್ಚು ಮೆಗಾಪಿಕ್ಸೆಲ್ ಇದ್ದರೆ ಫೋಟೊ ಚೆನ್ನಾಗಿ ಬರುತ್ತದಲ್ಲವೇ?

ಎ4 ಹಾಳೆಯಲ್ಲಿ ಒಳ್ಳೆಯ ಮುದ್ರಣಕ್ಕೆ ಬೇಕಾಗುವುದು 9 ಮೆಗಾಪಿಕ್ಸೆಲ್‌ಗೂ ಕಡಿಮೆ. ಐವತ್ತರ ಕ್ಯಾಮೆರಾಗಳು ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿಸಿ ಹನ್ನೆರಡೂವರೆಯ ಫೋಟೊವನ್ನೇ ಕೊಡುತ್ತವೆ, ಮಂದ ಬೆಳಕಿನಲ್ಲಿ ಅದೇ ಒಳ್ಳೆಯದು ಕೂಡ. ವಾಟ್ಸ್ಆ್ಯಪ್‌ನಲ್ಲಿ ಎಂದಿನಂತೆ ಕಳಿಸಿದಾಗ ಅದೂ ಕುಗ್ಗುತ್ತದೆ, ಫ್ಲೆಕ್ಸ್ ಮಾಡಿಸಲು ಕಳಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ.

14. ಸ್ಪೀಕರ್ ಡಬ್ಬದ ಮೇಲೆ ಸಾವಿರ ವ್ಯಾಟ್ ಪಿಎಂಪಿಒ ಎಂದಿದೆ. ಅಷ್ಟು ಕರೆಂಟ್ ಎಳೆಯುತ್ತದೆಯೇ?

ಮೊದಲು ಹೇಳಿದ ನಕಲಿ ಪೆನ್‌ಡ್ರೈವ್ ಬಿಟ್ಟರೆ, ಈ ಅಂಕಿಗಳ ಪಟ್ಟಿಯಲ್ಲಿ ನಾನು ನಿಸ್ಸಂಕೋಚವಾಗಿ ಸುಳ್ಳು ಎನ್ನುವುದು ಇದೊಂದನ್ನೇ. ಪಿಎಂಪಿಒ ಎಂದರೆ ಕ್ಷಣಮಾತ್ರಕ್ಕೆ ಮುಟ್ಟುತ್ತದೆನ್ನುವ ಗರಿಷ್ಠ ಶಕ್ತಿ; ಅದನ್ನು ಅಳೆಯಲು ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ, ತಯಾರಕರ ಧೈರ್ಯಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಟೇಪ್ ರೆಕಾರ್ಡರ್‌ಗಳ ಕಾಲದಲ್ಲಿ ಶುರುವಾದ ಈ ಹಾವಳಿ ಈಗ ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದ ಓಡುವ ಅಂಗೈಯಗಲದ ಸ್ಪೀಕರ್‌ಗಳಿಗೂ ಹಬ್ಬಿದೆ. ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್, ಒಟ್ಟು ಎರಡೂವರೆ ವ್ಯಾಟ್. ಒಳಗೆ ಬಂದದ್ದಕ್ಕಿಂತ ಹೆಚ್ಚು ಹೊರಗೆ ಹೋಗಲು ಸಾಧ್ಯವಿಲ್ಲ. ಆರ್‌ಎಂಎಸ್ ವ್ಯಾಟ್, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿ, ಎಷ್ಟು ಎಂದು ಕೇಳಿ, ಉತ್ತರ ಬಾರದಿದ್ದರೆ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ನೋಡಿ.

15. ಐಪಿ68 ಇರುವ ಮೊಬೈಲನ್ನು ನೀರಿಗೆ ಒಯ್ಯಬಹುದೇ? ಒದ್ದೆಯಾದರೆ ಅಕ್ಕಿ ಡಬ್ಬದಲ್ಲಿಡಬೇಕೇ?

ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಏಳು ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ, ಎಂಟು ಎಂದರೆ ಅದಕ್ಕಿಂತ ಹೆಚ್ಚು, ಎಷ್ಟೆಂಬುದನ್ನು ತಯಾರಕರೇ ಹೇಳುತ್ತಾರೆ. ಇದು ಹೊಸ ಮೊಬೈಲನ್ನು ಪ್ರಯೋಗಾಲಯದ ಸಿಹಿನೀರಿನಲ್ಲಿ ಅಲುಗಾಡದಂತೆ ಇಟ್ಟು ಮಾಡಿದ ಪರೀಕ್ಷೆ. ಮಲ್ಪೆಯ ಉಪ್ಪುನೀರು, ಬಟ್ಟೆ ಒಗೆಯುವ ಸೋಪಿನ ನೀರು, ಮೂರು ವರ್ಷದ ಹಳೆಯ ಅಂಟು, ಒಮ್ಮೆ ಗಾಜು ಬದಲಿಸಲು ಬಿಚ್ಚಿದ ಮೈ, ಇವಾವುದಕ್ಕೂ ಅದು ಅನ್ವಯಿಸುವುದಿಲ್ಲ; ನೀರಿನಿಂದಾದ ಹಾನಿಗೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಅಕ್ಕಿಗೆ ಒಳಗಿನ ತೇವ ಎಳೆದುಕೊಳ್ಳುವ ಶಕ್ತಿಯಿಲ್ಲ, ಅದರ ಹಿಟ್ಟು ಚಾರ್ಜಿಂಗ್ ಕಿಂಡಿಯೊಳಗೆ ಅಂಟಿ ಗಂಜಿಯಾಗಿದ್ದನ್ನು ಸೂಜಿಯಿಂದ ಕೆದಕಿ ತೆಗೆದಿದ್ದೇನೆ. ತಕ್ಷಣ ಆರಿಸಿ, ಒರೆಸಿ, ಕಿಂಡಿ ಕೆಳಗಾಗುವಂತೆ ಫ್ಯಾನ್ ಗಾಳಿಗೆ ಇಡಿ, ಒಣಗುವವರೆಗೆ ಚಾರ್ಜರ್ ಹಾಕಬೇಡಿ.

16. ಎಸ್ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಕನ್ನಡ ಹೆಚ್ಚು ಜಾಗ ತಿನ್ನುತ್ತದೆ ಎಂಬುದು ಹಾಗಾದರೆ ನಿಜವೇ?

ಒಂದು ಎಸ್ಎಂಎಸ್‌ನೊಳಗಿನ ಜಾಗ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ 160 ಹಿಡಿಯುತ್ತವೆ, ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ನ ಕನ್ನಡಕ್ಕೆ ತಲಾ ಎರಡು ಬೈಟ್ ಬೇಕಾದ್ದರಿಂದ 70. ಅದಕ್ಕೂ ಮೇಲೆ, ಕಣ್ಣಿಗೆ ಒಂದು ಅಕ್ಷರವಾಗಿ ಕಾಣುವುದು ಯಂತ್ರದ ಲೆಕ್ಕದಲ್ಲಿ ಒಂದಾಗಿರಬೇಕೆಂದಿಲ್ಲ. ‘ಸ್ತ್ರೀ’ ಎಂಬುದರಲ್ಲಿ ಸ, ಅರ್ಧಚಿಹ್ನೆ, ತ, ಮತ್ತೆ ಅರ್ಧಚಿಹ್ನೆ, ರ, ದೀರ್ಘ ಈ ಎಂದು ಆರು ತುಣುಕುಗಳಿವೆ. ‘ನಾಳೆ ಬೆಳಿಗ್ಗೆ ಬರುತ್ತೇನೆ’ ಎಂದು ಬರೆದರೆ ನಾವು ಓದುವುದು ಒಂಬತ್ತು ಅಕ್ಷರ, ಯಂತ್ರ ಎಣಿಸುವುದು ನಡುವಿನ ಖಾಲಿಗಳೂ ಸೇರಿ 23. ಅದನ್ನೇ ಮೂರು ಸಲ ಬರೆದು ನಡುವೆ ಎರಡು ಖಾಲಿ ಬಿಟ್ಟರೆ 71 ಆಗಿ ಒಂದು ಎಸ್ಎಂಎಸ್ ಎರಡಾಗುತ್ತದೆ. ಸಗಟಾಗಿ ಸಂದೇಶ ಕಳಿಸುವ ಸಂಸ್ಥೆಗಳು ಪ್ರತಿ ತುಂಡಿಗೂ ಹಣ ಕಟ್ಟುವುದರಿಂದ ಕನ್ನಡದಲ್ಲಿ ಕಳಿಸಲು ಹಿಂಜರಿಯುವುದಕ್ಕೆ ಇದೂ ಒಂದು ನೆಪ.

ಎಸ್ಎಂಎಸ್‌ನ ಹೊರಗೆ ಈ ವಾದಕ್ಕೆ ತೂಕವಿಲ್ಲ. ಫೈಲಿನಲ್ಲಿ ಒಂದೊಂದು ತುಣುಕಿಗೆ ಮೂರು ಬೈಟ್ ಹಿಡಿದರೂ, ಇಪ್ಪತ್ತೈದು ಸಾವಿರ ತುಣುಕುಗಳ ಉದ್ದನೆಯ ಕನ್ನಡ ಲೇಖನ 75 ಕೆಬಿ ಆಗುತ್ತದೆ. ಮೊಬೈಲಿನಲ್ಲಿ ತೆಗೆದ 3 ಎಂಬಿಯ ಒಂದು ಮಸುಕು ಫೋಟೊದ ಜಾಗದಲ್ಲಿ ಇಂಥ ನಲವತ್ತು ಲೇಖನ ಕೂರುತ್ತವೆ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಇದಕ್ಕಿಂತ ಚಿಕ್ಕದಾಗಿರುತ್ತಿತ್ತು ಎನ್ನುವವರು ಸರಿಯಾಗಿಯೇ ಹೇಳುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಅದು ಇಂಗ್ಲಿಷ್ ಅಕ್ಷರ, ಆವರಣ, ಪ್ರಶ್ನಾರ್ಥಕಗಳ ಗುಪ್ಪೆಯಾಗಿ ಕಾಣುತ್ತದೆ. ಅಂಥ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಡಿ ಎಂದು ಪೆನ್‌ಡ್ರೈವ್ ಹಿಡಿದು ಬರುವವರು ಈಗಲೂ ನನ್ನ ಮೇಜಿಗೆ ವಾರಕ್ಕೊಬ್ಬರಾದರೂ ಇದ್ದಾರೆ.